ಕೈಗುಣದ ನುಡಿ: ಬಾಣಂತಿ ಮತ್ತು ಕೂಸಿನ ಎಣ್ಣೆನೀರಿನ ಪದಲೋಕ
(ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಅನುಲಕ್ಷಿಸಿ)

ಕನ್ನಡ ಜಾನಪದ ಅಧ್ಯಯನದಲ್ಲಿ ಹೆರಿಗೆ ಮತ್ತು ಬಾಣಂತನಕ್ಕೆ ಸಂಬಂಧಿಸಿದ ಸಾಮಗ್ರಿಗೆ ಕೊರತೆಯಿಲ್ಲ. ಬಸುರಿ ಬಯಕೆಯ ಹಾಡುಗಳು, ಜೋಗುಳಗಳು, ಪುರುಡಿನ ಆಚರಣೆಗಳು ಸಾಕಷ್ಟು ಸಂಗ್ರಹವಾಗಿವೆ. ಆದರೆ ಹಾಡುವ ಬಾಯಿಗೆ ದೊರೆತ ಗಮನ ಎಣ್ಣೆ ಹಚ್ಚುವ ಕೈಗೆ ದೊರೆತಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಪರಿಸರದಲ್ಲಿ ಬಳಕೆಯಲ್ಲಿರುವ ಎಣ್ಣೆನೀರಿನ ಪದಗಳನ್ನು ಒಂದು ವೃತ್ತಿಯ ಪದಸಂಪತ್ತಾಗಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪದಗಳು ಉಳಿಯುವುದಕ್ಕೂ ಬಾಣಂತಿಯ ಆರೋಗ್ಯಕ್ಕೂ ನೇರ ಸಂಬಂಧವಿದೆ ಎಂಬುದು ಇಲ್ಲಿನ ವಾದ.

1. ಸೂಲಗಿತ್ತಿಯ ಎರಡು ಕೆಲಸಗಳು

‘ಸೂಲು’ ಎಂದರೆ ಹೆರಿಗೆ. ಅದಕ್ಕೆ ‘-ಗಿತ್ತಿ’ ಎಂಬ ಸ್ತ್ರೀವಾಚಕ ಪ್ರತ್ಯಯ ಸೇರಿ ‘ಸೂಲಗಿತ್ತಿ’ ಆಗಿದೆ. ‘ಹೂವಾಡಗಿತ್ತಿ’, ‘ಒಕ್ಕಲಗಿತ್ತಿ’ ಎಂಬ ರೂಪಗಳನ್ನು ಇದರೊಡನೆ ಹೋಲಿಸಬಹುದು. ಜಿಲ್ಲೆಯ ಪೂರ್ವಭಾಗದಲ್ಲಿ ತೆಲುಗು ಮನೆಮಾತಿನ ಕುಟುಂಬಗಳೂ ಇರುವುದರಿಂದ ಒಬ್ಬಳೇ ಹೆಂಗಸು ಒಂದು ಮನೆಯಲ್ಲಿ ಸೂಲಗಿತ್ತಿ, ಮತ್ತೊಂದರಲ್ಲಿ ಮಂತ್ರಸಾನಿ, ಉರ್ದು ಮಾತಿನ ಮನೆಯಲ್ಲಿ ದಾಯಿ ಎನಿಸಿಕೊಳ್ಳುವುದು ಸಾಧ್ಯ. ಹೆಸರು ಹೆರಿಗೆಯನ್ನಷ್ಟೇ ಸೂಚಿಸಿದರೂ ಆಕೆಯ ಕೆಲಸ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಅನಂತರದ ವಾರಗಳಲ್ಲಿ ತಾಯಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರೆರೆಯುವುದು ಆಕೆಯ ಎರಡನೆಯ ಕೆಲಸ.

ಮೊದಲನೆಯ ಕೆಲಸ ಇಂದು ಆಸ್ಪತ್ರೆಯದಾಗಿದೆ. 2005ರಲ್ಲಿ ಆರಂಭವಾದ ಜನನಿ ಸುರಕ್ಷಾ ಯೋಜನೆ ಆಸ್ಪತ್ರೆಯ ಹೆರಿಗೆಗೆ ಉತ್ತೇಜನ ನೀಡಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಸುಮಾರು ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿವೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಸೂಲಗಿತ್ತಿಯ ವಿದ್ಯೆಗೆ ಸಾರ್ವಜನಿಕ ಮನ್ನಣೆ ದೊರೆತದ್ದು ಆ ವೃತ್ತಿ ಹಿಂದೆ ಸರಿದ ಕಾಲದಲ್ಲಿ ಎಂಬುದು ಗಮನಾರ್ಹ. ಎರಡನೆಯ ಕೆಲಸವಾದ ಎಣ್ಣೆನೀರು ಮಾತ್ರ ಮನೆಯಲ್ಲಿಯೇ ಉಳಿದುಕೊಂಡಿದೆ. 2007ರಲ್ಲಿ ರಾಜ್ಯ ಸರ್ಕಾರ ಜಾರಿಗೆ ತಂದ ‘ಮಡಿಲು’ ಕಿಟ್ಟಿನಲ್ಲಿ ಕೊಬ್ಬರಿ ಎಣ್ಣೆಯೂ ಹೊಟ್ಟೆಗೆ ಕಟ್ಟುವ ಬಟ್ಟೆಯೂ ಇದ್ದದ್ದು ಈ ಪರಂಪರೆಯ ಬಲವನ್ನು ಸೂಚಿಸುತ್ತದೆ.

2. ಕ್ರಿಯಾಪದಗಳ ತಾರತಮ್ಯ

ಎಣ್ಣೆನೀರು ಎಂಬುದು ಒಂದು ಕೆಲಸದ ಹೆಸರಲ್ಲ. ಹಲವು ಕ್ರಿಯೆಗಳ ಸರಣಿ. ‘ಹಚ್ಚು’ ಎಂದರೆ ಬೆಚ್ಚಗಿನ ಎಣ್ಣೆಯನ್ನು ಮೈಗೆ ತಾಗಿಸುವುದು. ‘ಸವರು’ವಾಗ ಅಂಗೈ ಭಾರವಿಲ್ಲದೆ ಹರಿದಾಡುತ್ತದೆ. ‘ನೀವು’ವಾಗ ಕೈಗೆ ದಿಕ್ಕು ಬರುತ್ತದೆ: ತೊಡೆಯಿಂದ ಪಾದದವರೆಗೆ, ಹೆಗಲಿನಿಂದ ಬೆರಳ ತುದಿಯವರೆಗೆ. ‘ತಿಕ್ಕು’ವಲ್ಲಿ ಬಿರುಸಿದೆ. ‘ಉಜ್ಜು’ವುದು ಸೀಗೆಪುಡಿಯಿಂದಲೋ ಕಡಲೆಹಿಟ್ಟಿನಿಂದಲೋ ಜಿಡ್ಡು ತೆಗೆಯುವಾಗ. ‘ಒತ್ತು’ವಾಗ ಭಾರ ಒಂದೆಡೆ ನಿಲ್ಲುತ್ತದೆ, ‘ಹಿಸುಕು’ವಾಗ ಅದು ಎರಡು ಕಡೆಯಿಂದ ಬೀಳುತ್ತದೆ. ಕೂಸಿನ ಬೆನ್ನನ್ನು ‘ತಟ್ಟು’ತ್ತಾರೆ. ಕಡೆಯದು ‘ಎರೆ’, ಆಡುಮಾತಿನಲ್ಲಿ ‘ನೀರ್ ಹುಯ್ಯೋದು’. ನೀಡಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ನೀರೆರೆಯುವಾಗಲೇ ಅದರ ತಲೆಯನ್ನು ದುಂಡಗೆ ಮಾಡುವ, ಮೂಗನ್ನು ‘ತಿದ್ದುವ’ ರೂಢಿಯಿದೆ. ಅಕ್ಷರಕ್ಕೂ ಮಣ್ಣಿನ ಮೂರ್ತಿಗೂ ಬಳಸುವ ‘ತಿದ್ದು’ ಎಂಬ ಪದ ಕೂಸಿನ ಮೈಗೂ ಸಲ್ಲುವುದು ಇಲ್ಲಿನ ಗ್ರಹಿಕೆಯನ್ನು ತೋರಿಸುತ್ತದೆ.

ಈ ಗ್ರಹಿಕೆಯ ಮೂಲದಲ್ಲಿ ‘ಹಸಿ’ ಎಂಬ ಪರಿಕಲ್ಪನೆಯಿದೆ. ಹೊಸದಾಗಿ ಹೆತ್ತವಳು ‘ಹಸಿ ಬಾಣಂತಿ’. ಆಕೆಯದು ‘ಹಸಿ ಮೈ’. ಸುಡದ ಮಡಕೆಯೂ ಹಸಿಯೇ. ಹಂಡೆಯ ಬಿಸಿನೀರು, ಸಾಂಬ್ರಾಣಿಯ ಹೊಗೆ, ಸೊಂಟಕ್ಕೆ ಬಿಗಿದ ಬಟ್ಟೆ ಇವೆಲ್ಲ ಮೈಯನ್ನು ‘ಗಟ್ಟಿ’ ಮಾಡುವ ಕ್ರಮಗಳು. ಚರಕಸಂಹಿತೆಯೂ ಹೆತ್ತವಳ ಹೊಟ್ಟೆಗೆ ತುಪ್ಪ, ಎಣ್ಣೆ ಸವರಿ ದೊಡ್ಡ ಬಟ್ಟೆಯಿಂದ ಸುತ್ತಬೇಕೆಂದು ಹೇಳಿ, ವಾಯು ಪ್ರಕೋಪವನ್ನು ತಡೆಯುವುದು ಅದರ ಕಾರಣವೆನ್ನುತ್ತದೆ. ಕ್ರಿಯೆ ಹೆಚ್ಚುಕಡಿಮೆ ಒಂದೇ ಆದರೂ ಶಾಸ್ತ್ರ ವಾಯುವಿನ ಭಾಷೆಯಲ್ಲಿ ವಿವರಿಸಿದ್ದನ್ನು ಹಳ್ಳಿಯ ನುಡಿ ಹಸಿ–ಗಟ್ಟಿ ಎಂಬ ಜೋಡಿಯಲ್ಲಿಯೂ ಹಿಡಿದಿದೆ.

3. ಪದ ಕಳೆದರೆ ಏನು ಕಳೆಯುತ್ತದೆ?

ಫ್ರಾನ್ಸಿನ ಹೆರಿಗೆ ವೈದ್ಯ ಫ್ರೆಡರಿಕ್ ಲೆಬೊಯೆ ಅವರು ಕೋಲ್ಕತ್ತದಲ್ಲಿ ಶಾಂತಲಾ ಎಂಬ ತಾಯಿ ತನ್ನ ಕೂಸಿಗೆ ಎಣ್ಣೆ ನೀವುವುದನ್ನು ಕಂಡು, 1976ರಲ್ಲಿ ಆಕೆಯ ಹೆಸರಿನಲ್ಲಿಯೇ ಪುಸ್ತಕ ಪ್ರಕಟಿಸಿದರು. ಅದು ಪಶ್ಚಿಮದಲ್ಲಿ ಈ ವಿದ್ಯೆಗೆ ಪ್ರಚಾರ ನೀಡಿತು. ಇತ್ತ ಗಾರ್ಮೆಂಟ್ಸ್ ಕೆಲಸ, ಚಿಕ್ಕ ಕುಟುಂಬ, ಬೆಂಗಳೂರಿನ ಸಾಮೀಪ್ಯಗಳಿಂದಾಗಿ ಈ ಜಿಲ್ಲೆಯಲ್ಲಿಯೂ ಎಣ್ಣೆನೀರು ಅಜ್ಜಿಯ ಕೈಯಿಂದ ಕೂಲಿಯ ಕೈಗೆ ಹೋಗುತ್ತಿದೆ. ಅದರೊಡನೆ ‘ಮಸಾಜ್’ ಎಂಬ ಒಂದೇ ಪದ ಮೇಲಿನ ಅಷ್ಟೂ ಕ್ರಿಯಾಪದಗಳ ಜಾಗಕ್ಕೆ ಬರುತ್ತಿದೆ.

ಇದನ್ನು ಭಾಷಾಭಿಮಾನದ ಪ್ರಶ್ನೆಯಾಗಿಯಷ್ಟೇ ನೋಡಲಾಗದು. ಮೇಲೆ ಹೇಳಿದ ಸಮೀಕ್ಷೆಯಂತೆ ರಾಜ್ಯದ ಹೆರಿಗೆಗಳಲ್ಲಿ ಸುಮಾರು ಶೇ. 31ರಷ್ಟು ಶಸ್ತ್ರಚಿಕಿತ್ಸೆಯ ಮೂಲಕ ಆಗಿವೆ. ಹೊಲಿಗೆಯ ಗಾಯವಿರುವ ಹೊಟ್ಟೆಯನ್ನು ಒತ್ತಬಾರದು. ‘ಮಸಾಜ್ ಮಾಡಬೇಡಿ’ ಎಂಬ ಸೂಚನೆ ಎಲ್ಲ ಆರೈಕೆಯನ್ನೂ ನಿಷೇಧಿಸಿದಂತೆ ಕೇಳಿಸುತ್ತದೆ. ಮನೆಯ ಹಿರಿಯಳು ಅದನ್ನು ಪೂರ್ತಿ ತಳ್ಳಿಹಾಕುವ ಸಂಭವವೇ ಹೆಚ್ಚು. ‘ಕೈಕಾಲು ನೀವಿ, ಹೊಟ್ಟೆ ಒತ್ತಬೇಡಿ, ಗಾಯದ ಹತ್ತಿರ ಎಣ್ಣೆ ಬೇಡ’ ಎಂದರೆ ಆಕೆಯ ವಿದ್ಯೆಯನ್ನು ಗೌರವಿಸಿದಂತೆಯೂ ಆಗುತ್ತದೆ, ಮಿತಿ ಹಾಕಿದಂತೆಯೂ ಆಗುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3ನೆಯ ದಿನದಿಂದ 42ನೆಯ ದಿನದೊಳಗೆ ಆರು ಬಾರಿ ಭೇಟಿ ನೀಡಬೇಕೆಂಬ ನಿಯಮವಿದೆ. ಆಕೆಯ ತರಬೇತಿಗೆ ಈ ಕ್ರಿಯಾಪದಗಳು ಅಗತ್ಯ.

ಪರಂಪರೆಯೆಲ್ಲವೂ ಗ್ರಾಹ್ಯವೆಂದು ಇದರ ಅರ್ಥವಲ್ಲ. ಕೂಸಿನ ಮೂಗು, ಕಿವಿಗೆ ಎಣ್ಣೆ ಬಿಡುವುದು, ಎದೆಯ ತೊಟ್ಟು ಹಿಸುಕುವುದು, ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕುವುದು, ಬಾಣಂತಿಗೆ ಕುಡಿಯುವ ನೀರನ್ನು ಕಡಿಮೆ ಮಾಡುವುದು ಇವೆಲ್ಲ ಅಪಾಯಕರ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ಮುಂದೂಡಬೇಕೆನ್ನುತ್ತದೆ. ದಿನ ತುಂಬಿ ಹುಟ್ಟಿದ ಆರೋಗ್ಯವಂತ ಕೂಸಿಗೆ ಹಗುರವಾಗಿ ಮೈ ನೀವುವುದನ್ನು ಒಪ್ಪುತ್ತದೆ. ಪದಗಳ ವಿಷಯದಲ್ಲಿಯೂ ಎಚ್ಚರ ಬೇಕು. ‘ಬಾಣಂತಿ ಸನ್ನಿ’ ಎಂಬ ಹೆಸರಿನಡಿ ಹೆರಿಗೆಯ ನಂತರದ ಮನೋವಿಕಾರವನ್ನೂ ಶೀತದ ದೋಷವೆಂದು ಎಣಿಸುವುದುಂಟು. ಅದಕ್ಕೆ ಎಣ್ಣೆನೀರು ಮದ್ದಲ್ಲ. ತಡಮಾಡದೆ ವೈದ್ಯರ ನೆರವು ಪಡೆಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂತಹ ತಾಯಂದಿರನ್ನು ಕೂಸಿನೊಡನೆಯೇ ದಾಖಲಿಸಿಕೊಳ್ಳುವ ಘಟಕ 2009ರಲ್ಲಿ ಆರಂಭವಾಯಿತು.

4. ಉಪಸಂಹಾರ

ಒಳ್ಳೆಯ ಕೆಲಸಗಾತಿಯನ್ನು ಹಳ್ಳಿಯ ಜನ ‘ಕೈಗುಣ ಇದೆ’ ಎಂದು ಹೊಗಳುತ್ತಾರೆ. ಕೈಗುಣ ದೈವದತ್ತವೆಂದು ಕೈಬಿಡುವುದಕ್ಕಿಂತ, ಎಲ್ಲಿ ಸವರಬೇಕು, ಎಲ್ಲಿ ಒತ್ತಬಾರದು ಎಂಬ ವಿವೇಕವೇ ಕೈಗುಣವೆಂದು ತಿಳಿಯುವುದು ಸೂಕ್ತ. ನಿಘಂಟು ‘ನೀವು’ ಎಂಬುದಕ್ಕೆ ಅರ್ಥ ಕೊಡಬಲ್ಲದು, ಕೈಯ ಭಾರವನ್ನು ಕೊಡಲಾರದು. ಆದುದರಿಂದ ಕೃಷಿ, ನೇಯ್ಗೆ, ಕುಂಬಾರಿಕೆಗಳ ವೃತ್ತಿಪದಗಳಂತೆ ಎಣ್ಣೆನೀರಿನ ಪದಗಳನ್ನೂ ಸಂಗ್ರಹಿಸಬೇಕು. ಪದದೊಡನೆ ಕ್ರಿಯೆಯ ಚಿತ್ರಣ, ಅನುಕ್ರಮ, ತೆಲುಗು–ಉರ್ದು ಸಮಾನಪದ, ವೈದ್ಯರ ಅಭಿಪ್ರಾಯ ಸೇರಬೇಕು. ನಾಲ್ಕು ತಾಲ್ಲೂಕುಗಳ ಪದವಿ ಕಾಲೇಜುಗಳ ಕನ್ನಡ ವಿಭಾಗಗಳು ತಮ್ಮ ವಿದ್ಯಾರ್ಥಿಗಳ ಮೂಲಕವೇ ಇದನ್ನು ಆರಂಭಿಸಬಹುದು. ಆ ವಿದ್ಯಾರ್ಥಿಗಳ ಅಜ್ಜಿಯರಲ್ಲಿ ಇನ್ನೂ ಕೆಲವರಾದರೂ ಈ ವಿದ್ಯೆಯನ್ನು ಬಲ್ಲವರಿದ್ದಾರೆ.