ವೆಬ್ ಸರ್ವರ್‌ನ ಭದ್ರತಾ ಪರಿಷ್ಕರಣೆ: ಸುತ್ತೋಲೆಯಷ್ಟೇ ಸಾಲದು

ವ್ಯಾಪಾರ ಸಂಸ್ಥೆಗಳ ಜಾಲತಾಣಗಳು ಒಂದು ಕಾಲದಲ್ಲಿ ಕೇವಲ ನಾಮಫಲಕದಂತಿದ್ದವು. ಈಗ ಆದೇಶ ಸ್ವೀಕಾರ, ಹಣ ಪಾವತಿ, ವಿತರಕರ ಖಾತೆ, ದೂರುಗಳ ವಿಲೇವಾರಿ ಎಲ್ಲವೂ ಅಲ್ಲಿಯೇ ನಡೆಯುತ್ತಿವೆ. ಇವುಗಳ ಹಿಂದೆ ವೆಬ್ ಸರ್ವರ್ ಮತ್ತು ಅದರ ಮೇಲೆ ಪದರಪದರವಾಗಿ ಜೋಡಿಸಿದ ಹಲವು ತಂತ್ರಾಂಶಗಳಿರುತ್ತವೆ. ಅವುಗಳಲ್ಲಿ ದೋಷ ಪತ್ತೆಯಾದಾಗ ತಯಾರಕರು ಪರಿಷ್ಕರಣೆಯನ್ನು, ರೂಢಿಯ ಮಾತಿನಲ್ಲಿ ‘ಪ್ಯಾಚ್’ ಅನ್ನು, ಬಿಡುಗಡೆ ಮಾಡುತ್ತಾರೆ. ಪರಿಷ್ಕರಣೆ ಪ್ರಕಟವಾದ ದಿನವೇ ದೋಷವೂ ಜಗಜ್ಜಾಹೀರಾಗುತ್ತದೆ. ಬೀಗದ ಕಂಪನಿಯೊಂದು ತನ್ನ ಇಂಥ ಮಾದರಿ ಸುಲಭವಾಗಿ ತೆರೆಯುತ್ತದೆಂದು ಪತ್ರಿಕೆಯಲ್ಲಿ ಪ್ರಕಟಿಸಿದರೆ ಅದನ್ನು ಮನೆಯ ಯಜಮಾನನಷ್ಟೇ ಅಲ್ಲ, ಕಳ್ಳನೂ ಓದುತ್ತಾನೆ.

ಈ ಕಾರ್ಯವನ್ನು ‘ಕಂಪ್ಯೂಟರ್ ವಿಭಾಗದವರ ಕೆಲಸ’ ಎಂದು ಬದಿಗಿರಿಸುವುದು ಆಡಳಿತ ಮಂಡಳಿಗಳ ಸಾಮಾನ್ಯ ರೂಢಿ. ವಸ್ತುತಃ ಇದು ದಾಸ್ತಾನು ಪರಿಶೀಲನೆಯಂತೆ, ಬ್ಯಾಂಕ್ ತಾಳೆಪಟ್ಟಿಯಂತೆ ಆಂತರಿಕ ನಿಯಂತ್ರಣದ ವಿಷಯ. ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯ ಪ್ರಕರಣ ಇದಕ್ಕೆ ನಿದರ್ಶನ.

ಜನರ ಸಾಲದ ಇತಿಹಾಸವನ್ನು ಸಂಗ್ರಹಿಸಿ ಬ್ಯಾಂಕುಗಳಿಗೆ ಒದಗಿಸುವ ಅಲ್ಲಿನ ಮೂರು ಪ್ರಮುಖ ಸಂಸ್ಥೆಗಳಲ್ಲಿ ಈಕ್ವಿಫ್ಯಾಕ್ಸ್ ಒಂದು. ಗ್ರಾಹಕರು ತಮ್ಮ ದಾಖಲೆಯಲ್ಲಿನ ತಪ್ಪುಗಳ ಬಗ್ಗೆ ತಕರಾರು ಸಲ್ಲಿಸುವ ಅದರ ಜಾಲತಾಣವು ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶವನ್ನು ಬಳಸುತ್ತಿತ್ತು. 2017ರ ಮಾರ್ಚ್ 7ರಂದು ಸ್ಟ್ರಟ್ಸ್‌ನಲ್ಲಿದ್ದ ಗಂಭೀರ ದೋಷವೊಂದು ಪರಿಷ್ಕರಣೆಯ ಸಮೇತ ಪ್ರಕಟವಾಯಿತು. ಕಡತಗಳನ್ನು ಸ್ವೀಕರಿಸುವ ಭಾಗದಲ್ಲಿ ಆ ದೋಷವಿತ್ತು. ಕೋರಿಕೆಯ ತಲೆಬರಹದಲ್ಲಿ ಕುಯುಕ್ತಿಯಿಂದ ಬರೆದ ಪಠ್ಯವನ್ನು ಸರ್ವರ್ ಆಜ್ಞೆಯೆಂದೇ ತಿಳಿದು ಪಾಲಿಸುತ್ತಿತ್ತು. ಪಾಸ್‌ವರ್ಡ್‌ನ ಅಗತ್ಯವೇ ಇರಲಿಲ್ಲ.

ಮಾರ್ಚ್ 8ರಂದು ಸರ್ಕಾರದ ಸೈಬರ್ ಭದ್ರತಾ ಘಟಕ ಎಚ್ಚರಿಕೆ ನೀಡಿತು. ಮರುದಿನವೇ ಈಕ್ವಿಫ್ಯಾಕ್ಸ್ ಸುಮಾರು 400 ಸಿಬ್ಬಂದಿಗೆ ಮಿಂಚಂಚೆ ಕಳುಹಿಸಿತು. ಇಂತಹ ದೋಷಗಳನ್ನು 48 ಗಂಟೆಗಳೊಳಗೆ ಸರಿಪಡಿಸಬೇಕೆಂಬ ನಿಯಮವೂ ಅಲ್ಲಿ ಇತ್ತು. ಕಾಗದದ ಮೇಲೆ ಎಲ್ಲವೂ ಸಮರ್ಪಕ. ಆದರೆ ಆ ತಕರಾರು ವ್ಯವಸ್ಥೆಯಲ್ಲಿ ಸ್ಟ್ರಟ್ಸ್ ಇದೆಯೆಂದು ಬಲ್ಲ ತಂತ್ರಜ್ಞನ ಹೆಸರು ಆ 400 ಮಂದಿಯ ಪಟ್ಟಿಯಲ್ಲಿ ಇರಲಿಲ್ಲ! ಆತನ ಮೇಲಧಿಕಾರಿಗೆ ಬಂದ ಪತ್ರ ಕೆಳಗೆ ಇಳಿಯಲಿಲ್ಲ. ಮಾರ್ಚ್ 15ರಂದು ನಡೆಸಿದ ಸ್ವಯಂಚಾಲಿತ ಶೋಧವೂ ಸ್ಟ್ರಟ್ಸ್ ಇದ್ದ ಒಳಕೋಶವನ್ನು ತಲುಪದೆ, ದೋಷವಿಲ್ಲವೆಂಬ ಫಲಿತಾಂಶ ನೀಡಿತು. ಆ ವೇಳೆಗಾಗಲೇ, ಅಂದರೆ ಮಾರ್ಚ್ 10ರಂದೇ, ಹೊರಗಿನವರು ಈ ದ್ವಾರವನ್ನು ತಟ್ಟಿ ನೋಡಿ ಹೋಗಿದ್ದರು.

ಮೇ 13ರಂದು ದಾಳಿಕೋರರು ಒಳನುಗ್ಗಿದರು. ಒಳಗೆ ಗೂಢಲಿಪಿಯಿಲ್ಲದೆ ಇರಿಸಿದ್ದ ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳು ದೊರೆತವು. ಅವುಗಳ ಸಹಾಯದಿಂದ ತಕರಾರು ವ್ಯವಸ್ಥೆಗೆ ಸಂಬಂಧವೇ ಇಲ್ಲದ 48 ದತ್ತಸಂಚಯಗಳನ್ನು ತಲುಪಿದರು. ಹೊರಹೋಗುವ ಮಾಹಿತಿಯ ಮೇಲೆ ನಿಗಾ ಇಡಬೇಕಾದ ಸಾಧನದ ಡಿಜಿಟಲ್ ಪ್ರಮಾಣಪತ್ರದ ಅವಧಿ ಬಹುಕಾಲದ ಹಿಂದೆಯೇ ಮುಗಿದು ಅದು ಕುರುಡಾಗಿತ್ತು. ಜುಲೈ 29ರಂದು ಪ್ರಮಾಣಪತ್ರವನ್ನು ನವೀಕರಿಸಿದ ಕೂಡಲೇ ಕಳವು ಕಣ್ಣಿಗೆ ಬಿತ್ತು. ಸುಮಾರು 14.7 ಕೋಟಿ ಜನರ ವೈಯಕ್ತಿಕ ವಿವರಗಳು ಸೋರಿಹೋಗಿದ್ದವು. ಮುಖ್ಯ ಕಾರ್ಯನಿರ್ವಹಣಾಧಿಕಾರಿ ರಿಚರ್ಡ್ ಸ್ಮಿತ್ ಸೆಪ್ಟೆಂಬರ್‌ನಲ್ಲಿ ನಿರ್ಗಮಿಸಿದರು. 2019ರ ಜುಲೈನಲ್ಲಿ ಆದ ರಾಜಿಯ ಮೊತ್ತ ಕನಿಷ್ಠ 57.5 ಕೋಟಿ ಡಾಲರ್, ಗರಿಷ್ಠ 70 ಕೋಟಿ ಡಾಲರ್. ಪರಿಷ್ಕರಣೆ ಉಚಿತವಾಗಿ ಲಭ್ಯವಿತ್ತು.

ಲೆಕ್ಕಪರಿಶೋಧಕರು ವಿಶೇಷವಾಗಿ ಗಮನಿಸಬೇಕಾದ ಅಂಶ ಅಮೆರಿಕದ ಸೆನೆಟ್ ಉಪಸಮಿತಿಯ 2019ರ ವರದಿಯಲ್ಲಿದೆ. ದಾಳಿಗೆ ಎರಡು ವರ್ಷ ಮುನ್ನ, 2015ರಲ್ಲಿ, ಸಂಸ್ಥೆಯ ಆಂತರಿಕ ತಪಾಸಣೆಯೇ ಸರಿಪಡಿಸದೆ ಉಳಿದ 8,500ಕ್ಕೂ ಹೆಚ್ಚು ದೋಷಗಳನ್ನು ಗುರುತಿಸಿತ್ತು. ತಂತ್ರಾಂಶ ಮತ್ತು ಯಂತ್ರಗಳ ಸಮಗ್ರ ದಾಖಲೆ ಇಲ್ಲವೆಂದೂ, ಪರಿಷ್ಕರಣೆ ಆಯಿತೇ ಎಂಬುದನ್ನು ಸಿಬ್ಬಂದಿಯ ಮಾತಿನ ಮೇಲೆಯೇ ನಂಬಲಾಗುತ್ತಿದೆಯೆಂದೂ ಅದು ಆಕ್ಷೇಪಿಸಿತ್ತು. ಆ ಆಕ್ಷೇಪಣೆಗಳ ಅನುಸರಣಾ ತಪಾಸಣೆ ನಡೆಯಲೇ ಇಲ್ಲ. ‘ಸರಿಪಡಿಸಲಾಗುವುದು’ ಎಂಬ ಉತ್ತರ ಪಡೆದು ಕಡತ ಮುಚ್ಚುವ ಅಭ್ಯಾಸ ನಮ್ಮಲ್ಲಿಯೂ ಅಪರಿಚಿತವೇನಲ್ಲ.

ಆದ್ದರಿಂದ ಮೊದಲು ಬೇಕಾದುದು ಆಸ್ತಿ ವಹಿ. ಸ್ಥಿರಾಸ್ತಿಯ ವಹಿಯಲ್ಲಿ ಮೇಜು ಕುರ್ಚಿಗಳಿಗೂ ಸಂಖ್ಯೆ ಕೊಡುವ ಸಂಸ್ಥೆಗಳು ತಮ್ಮ ಸರ್ವರ್‌ನಲ್ಲಿ ಯಾವ ತಂತ್ರಾಂಶದ ಯಾವ ಆವೃತ್ತಿ ಇದೆ, ಅದಕ್ಕೆ ಹೊಣೆಗಾರರು ಯಾರು ಎಂಬುದನ್ನು ಎಲ್ಲಿಯೂ ಬರೆದಿಡುವುದಿಲ್ಲ. ಕಾರ್ಯಾಚರಣಾ ವ್ಯವಸ್ಥೆ ತಾನಾಗಿಯೇ ಅಪ್‌ಡೇಟ್ ಆಗುತ್ತದೆಂಬ ಸಮಾಧಾನವೂ ಪೂರ್ಣ ನಿಜವಲ್ಲ. ಸ್ಟ್ರಟ್ಸ್‌ನಂಥ ಘಟಕಗಳು ಸಾಮಾನ್ಯವಾಗಿ ಅನ್ವಯ ತಂತ್ರಾಂಶದ ಒಡಲಿನಲ್ಲಿಯೇ ಸೇರಿರುವುದರಿಂದ ವ್ಯವಸ್ಥೆಯ ಅಪ್‌ಡೇಟ್ ಅವನ್ನು ಮುಟ್ಟುವುದಿಲ್ಲ. ಅನ್ವಯವನ್ನು ರಚಿಸಿದವರೇ ಹೊಸ ಘಟಕ ಸೇರಿಸಿ, ಪ್ರತ್ಯೇಕ ಪರೀಕ್ಷಾ ಸರ್ವರ್‌ನಲ್ಲಿ ನಡೆಸಿ ನೋಡಿ, ಬಳಿಕ ಸ್ಥಾಪಿಸಬೇಕು.

ಪರಿಶೀಲನೆಯಲ್ಲಿಯೂ ಸೂಕ್ಷ್ಮಗಳಿವೆ. ರೆಡ್ ಹ್ಯಾಟ್, ಡೆಬಿಯನ್ ಮುಂತಾದ ವಿತರಕರು ಹಲವು ಬಾರಿ ಹಳೆಯ ಆವೃತ್ತಿ ಸಂಖ್ಯೆಯನ್ನೇ ಉಳಿಸಿಕೊಂಡು ದೋಷವನ್ನಷ್ಟೇ ಸರಿಪಡಿಸುತ್ತಾರೆ. ಸಂಖ್ಯೆಯನ್ನು ಮಾತ್ರ ನೋಡಿ ಷರಾ ಬರೆಯುವ ತಪಾಸಕರು ಎಡವುವುದು ಇಲ್ಲಿಯೇ. ವಿತರಕರ ಭದ್ರತಾ ಪ್ರಕಟಣೆಯೊಡನೆ ಪ್ಯಾಕೇಜಿನ ಪೂರ್ಣ ಸಂಖ್ಯೆಯನ್ನು ತಾಳೆ ನೋಡಬೇಕು. ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು: ತಟ್ಟೆಯ ಮೇಲೆ ಹೊಸ ಕಡತ ಬಂದಿದ್ದರೂ ಸೇವೆಯನ್ನು ಮರುಪ್ರಾರಂಭಿಸದಿದ್ದರೆ ಸ್ಮೃತಿಯಲ್ಲಿ ಹಳೆಯ ದೋಷಪೂರಿತ ತಂತ್ರಾಂಶವೇ ಓಡುತ್ತಿರುತ್ತದೆ. 2014ರ ಏಪ್ರಿಲ್‌ನಲ್ಲಿ ಓಪನ್ ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ ಮರುಪ್ರಾರಂಭದ ಜೊತೆಗೆ ಪ್ರಮಾಣಪತ್ರಗಳನ್ನೂ ಬದಲಿಸಬೇಕಾಯಿತು. ಅಳವಡಿಸಿದವರೇ ಅಳವಡಿಕೆಯನ್ನು ದೃಢೀಕರಿಸುವುದು ನಗದು ಗುಮಾಸ್ತನೇ ನಗದು ಎಣಿಸಿ ಸಹಿ ಮಾಡಿದಂತೆ.

ಭಾರತದಲ್ಲಿ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸೂಚಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಗಣಕ ವ್ಯವಸ್ಥೆಗಳ ಲಾಗ್ ದಾಖಲೆಗಳನ್ನು 180 ದಿನ ಕಾಯ್ದಿರಿಸಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, 2023, ಸಮಂಜಸ ಭದ್ರತಾ ಕ್ರಮಗಳನ್ನು ಕೈಗೊಳ್ಳದೆ ದತ್ತಾಂಶ ಸೋರಿಕೆಯಾದರೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ಗೊತ್ತುಪಡಿಸಿದೆ.

ಸ್ವಂತ ತಂತ್ರಜ್ಞರಿಲ್ಲದ ಸಣ್ಣ ಉದ್ಯಮಗಳು ಈ ಕೆಲಸವನ್ನು ವಾರ್ಷಿಕ ನಿರ್ವಹಣಾ ಒಪ್ಪಂದದ ಮೂಲಕ ಹೊರಗಿನವರಿಗೆ ವಹಿಸುತ್ತವೆ. ಅಂಥ ಒಪ್ಪಂದಗಳಲ್ಲಿ ‘ಜಾಲತಾಣದ ನಿರ್ವಹಣೆ’ ಎಂದಷ್ಟೇ ಇದ್ದರೆ ಚಿತ್ರ ಬದಲಿಸುವುದು ಅದರಲ್ಲಿ ಸೇರಿತೆಂದೂ ಪರಿಷ್ಕರಣೆ ಸೇರಲಿಲ್ಲವೆಂದೂ ವಾದಿಸಲು ಅವಕಾಶವಿರುತ್ತದೆ. ಗಂಭೀರ ದೋಷಗಳನ್ನು ಎಷ್ಟು ದಿನಗಳೊಳಗೆ ಸರಿಪಡಿಸಬೇಕು, ಲಿಖಿತ ವರದಿ ಯಾರಿಗೆ ಸಲ್ಲಬೇಕು, ಬೆಂಬಲ ಮುಗಿದ ಆವೃತ್ತಿಯನ್ನು ಬದಲಿಸುವ ವೆಚ್ಚ ಯಾರದು ಎಂಬುದು ಒಪ್ಪಂದದಲ್ಲಿಯೇ ನಮೂದಾಗಬೇಕು. ಪಿಎಚ್‌ಪಿ 7.4ಕ್ಕೆ 2022ರ ನವೆಂಬರ್ 28ರಂದು, ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ರಂದು ಅಧಿಕೃತ ಬೆಂಬಲ ಕೊನೆಗೊಂಡಿತು. ಒಪ್ಪಂದವನ್ನು ನವೀಕರಿಸುವ ಮುನ್ನ ತಮ್ಮ ಸರ್ವರ್‌ನಲ್ಲಿ ಇವೆರಡೂ ಇನ್ನೂ ಇವೆಯೇ ಎಂದು ಗುತ್ತಿಗೆದಾರರನ್ನು ಲಿಖಿತವಾಗಿ ಕೇಳಲು ಒಂದು ಪತ್ರ ಸಾಕು.