ಬೆಂಕಿ ವಸ್ತುವೇ, ಶಕ್ತಿಯೇ?

ಸೀಮೆಎಣ್ಣೆ ದೀಪದ ಜ್ವಾಲೆಯನ್ನು ತೋರಿಸಿ, “ಇದು ವಸ್ತುವೇ? ಇದಕ್ಕೆ ತೂಕವಿದೆಯೇ?” ಎಂದು ನಿಮ್ಮ ಮಗು ಕೇಳಿದರೆ ಏನು ಉತ್ತರ ಕೊಡುವಿರಿ? “ಸುಮ್ಮನೆ ಓದು” ಎಂದು ಗದರಿಸುವವರೇ ಹೆಚ್ಚು. ಆದರೆ ಪ್ರಶ್ನೆ ಸಣ್ಣದಲ್ಲ. ದೊಡ್ಡ ವಿದ್ವಾಂಸರೂ ಇದರಲ್ಲಿ ಎಡವಿದ್ದಾರೆ.

ದ್ರವ್ಯವೆಂದರೆ ದ್ರವ್ಯರಾಶಿಯುಳ್ಳ, ಜಾಗವನ್ನು ಆಕ್ರಮಿಸುವ ಪದಾರ್ಥ. ಕಲ್ಲು, ನೀರು ಮಾತ್ರವಲ್ಲ, ಗಾಳಿಯೂ ದ್ರವ್ಯವೇ. ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋಗ್ರಾಂ ತೂಗುತ್ತದೆ. ಶಕ್ತಿ ಹಾಗಲ್ಲ. ಅದು ಕೆಲಸ ಮಾಡುವ ಸಾಮರ್ಥ್ಯ. ಶರಾವತಿಯ ನೀರು ಎತ್ತರದಿಂದ ಇಳಿದು ಟರ್ಬೈನುಗಳನ್ನು ತಿರುಗಿಸುತ್ತದೆ. ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ. ಹಾಗೆಂದು ನೀರಿನ ಒಂದು ತೊಟ್ಟಾದರೂ ವಿದ್ಯುತ್ತಾಗಿ ಬದಲಾಯಿತೇ? ಇಲ್ಲ. ನೀರು ನೀರಾಗಿಯೇ ಕೆಳಗೆ ಹರಿದುಹೋಯಿತು. ಎತ್ತರದಲ್ಲಿದ್ದುದರಿಂದ ಅದಕ್ಕಿದ್ದ ಸಾಮರ್ಥ್ಯ ಮಾತ್ರ ನಮ್ಮ ಮನೆಗೆ ಬಂತು.

ಕಟ್ಟಿಗೆ ಉರಿದು ಹಿಡಿ ಬೂದಿಯಾದಾಗ, ಉಳಿದುದೆಲ್ಲ ಶಾಖವಾಗಿ ಹೋಯಿತೆಂದು ನಾವು ಭಾವಿಸುತ್ತೇವೆ. ಇದು ತಪ್ಪು. ಬೂದಿ, ಹೊಗೆ, ನೀರಿನ ಆವಿ, ಕಣ್ಣಿಗೆ ಕಾಣದ ಇಂಗಾಲದ ಡೈಆಕ್ಸೈಡ್ ಇವೆಲ್ಲವನ್ನೂ ಹಿಡಿದು ತೂಗಿದರೆ, ಕಟ್ಟಿಗೆ ಮತ್ತು ಅದು ಗಾಳಿಯಿಂದ ಪಡೆದ ಆಮ್ಲಜನಕದ ಒಟ್ಟು ತೂಕಕ್ಕೆ ಸರಿಹೋಗುತ್ತದೆ. ಫ್ರಾನ್ಸಿನ ಲವಾಸಿಯೆ ಇಂತಹ ತೂಕಗಳಿಂದಲೇ ರಸಾಯನ ಶಾಸ್ತ್ರಕ್ಕೆ ಬುನಾದಿ ಹಾಕಿದನು. ಆದರೆ ಅದೇ ಲವಾಸಿಯೆ 1789ರ ತನ್ನ ಗ್ರಂಥದಲ್ಲಿ ಮೂಲವಸ್ತುಗಳ ಪಟ್ಟಿ ಮಾಡುವಾಗ ಆಮ್ಲಜನಕದ ಜೊತೆಗೆ ಬೆಳಕನ್ನೂ ಶಾಖವನ್ನೂ ಸೇರಿಸಿಬಿಟ್ಟನು! ಶಾಖವೆಂದರೆ ವಸ್ತುಗಳೊಳಗೆ ಹರಿದಾಡುವ ಸೂಕ್ಷ್ಮ ದ್ರವವೆಂಬುದು ಆ ಕಾಲದ ನಂಬಿಕೆ.

ಆ ನಂಬಿಕೆಯನ್ನು ಅಲುಗಿಸಿದವನು ರಮ್‌ಫೋರ್ಡ್. ಮ್ಯೂನಿಕ್ ನಗರದಲ್ಲಿ ಫಿರಂಗಿ ಕೊರೆಯುವ ಕೆಲಸವನ್ನು ನೋಡುತ್ತಿದ್ದ ಆತ, ಮೊಂಡು ಭೈರಿಗೆಯನ್ನು ಕುದುರೆಗಳಿಂದ ತಿರುಗಿಸಿ, ಸುತ್ತಲೂ ನೀರು ತುಂಬಿಸಿದನು. ಸುಮಾರು ಎರಡೂವರೆ ಗಂಟೆಯಲ್ಲಿ ಬೆಂಕಿಯೇ ಇಲ್ಲದೆ ನೀರು ಕುದಿಯಿತು. ತಿರುಗಿಸಿದಷ್ಟೂ ಶಾಖ ಬರುತ್ತಲೇ ಇತ್ತು. ಲೋಹದೊಳಗೆ ಅಡಗಿದ್ದ ದ್ರವವಾಗಿದ್ದರೆ ಅದು ಎಂದಾದರೂ ಮುಗಿಯಬೇಕಿತ್ತಲ್ಲವೇ? 1798ರಲ್ಲಿ ಆತ ಇದನ್ನು ಪ್ರಕಟಿಸಿದನು. (ಲವಾಸಿಯೆಯ ವಿಧವೆಯನ್ನು ಮುಂದೆ ವಿವಾಹವಾದವನೂ ಇವನೇ.) 1840ರ ದಶಕದಲ್ಲಿ ಜೂಲ್ ಎಂಬವನು, ಎಷ್ಟು ಕೆಲಸಕ್ಕೆ ಎಷ್ಟು ಶಾಖವೆಂಬುದನ್ನು ಅಳೆದು ತೋರಿಸಿದನು. ಶಕ್ತಿಯ ಮಾನಕ್ಕೆ ಅವನದೇ ಹೆಸರು. ನಿಮ್ಮ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್.

ಹಾಗಾದರೆ ಎರಡಕ್ಕೂ ಸಂಬಂಧವೇ ಇಲ್ಲವೇ? ಇದೆ. 1905ರಲ್ಲಿ ಐನ್‌ಸ್ಟೈನ್ ಅದನ್ನು ತಿಳಿಸಿದರು. ಒಂದು ಲೀಟರ್ ತಣ್ಣೀರನ್ನು ಕುದಿಯುವಷ್ಟು ಕಾಯಿಸಿದರೆ ಅದರ ದ್ರವ್ಯರಾಶಿ ಒಂದು ಗ್ರಾಮಿನ ಸುಮಾರು 29 ಕೋಟಿಯ ಒಂದು ಭಾಗದಷ್ಟು ಹೆಚ್ಚುತ್ತದೆ. ಇದನ್ನು ತೂಗಬಲ್ಲ ತಕ್ಕಡಿಯಿಲ್ಲ. ಆದರೆ ಲೆಕ್ಕವನ್ನು ತಿರುಗಿಸಿ ನೋಡಿ: ಒಂದು ಗ್ರಾಂ ದ್ರವ್ಯರಾಶಿಗೆ ಎರಡೂವರೆ ಕೋಟಿ ಯೂನಿಟ್ ಶಕ್ತಿ ಸಮ! ಸೂರ್ಯನು ಪ್ರತಿ ಸೆಕೆಂಡಿಗೆ ಸುಮಾರು 42 ಲಕ್ಷ ಟನ್ ದ್ರವ್ಯರಾಶಿಯನ್ನು ಹೀಗೆ ಶಕ್ತಿಯಾಗಿ ಹೊರಸೂಸುತ್ತಾನೆ. 1945ರ ಆಗಸ್ಟ್ 6ರಂದು ಹಿರೋಶಿಮಾವನ್ನು ಸುಟ್ಟ ಬಾಂಬಿನಲ್ಲಿ ಹೀಗೆ ಶಕ್ತಿಯಾದದ್ದು ಒಂದು ಗ್ರಾಮಿಗಿಂತಲೂ ಕಡಿಮೆ. 

‘ಶಕ್ತಿ’ ಎಂಬ ಮಾತನ್ನು ನಾವು ಎಷ್ಟು ಅಗ್ಗವಾಗಿ ಬಳಸುತ್ತೇವೆಂದು ಯೋಚಿಸಿ. “ದೇವನೆಂದರೆ ಒಂದು ಶಕ್ತಿ, ಅಷ್ಟೆ” ಎನ್ನುವ ಯುವಕರಿದ್ದಾರೆ. ಜೂಲ್‌ಗಳಲ್ಲಿ ಅಳೆಯಬಹುದಾದ, ರೂಪ ಬದಲಿಸುತ್ತಾ ಸಾಗುವ ಈ ಶಕ್ತಿಯೂ ಸೃಷ್ಟಿಯೇ ಹೊರತು ಸೃಷ್ಟಿಕರ್ತನಲ್ಲ. ಇನ್ನು ಕೆಲವರು ‘ಶಕ್ತಿ ತುಂಬಿದ’ ಆಯಸ್ಕಾಂತದ ಬಳೆಯನ್ನು ಹಿಡಿದು ಮನೆಬಾಗಿಲಿಗೇ ಬರುತ್ತಾರೆ. ಕೀಲುನೋವಿನ ಅಜ್ಜಿ ಗಂಟು ಬಿಚ್ಚಿ ಹಣ ಕೊಡುತ್ತಾಳೆ. ಇಂತಹ ಬಳೆಯಿಂದ ನೋವು ಗುಣವಾಗುವುದೆಂದು ಪರೀಕ್ಷೆಗಳಲ್ಲಿ ದೃಢಪಟ್ಟಿಲ್ಲ. ಮುಂದಿನ ಸಲ ಆತ ಬಂದಾಗ, “ಇದರಲ್ಲಿ ಎಷ್ಟು ಜೂಲ್ ಶಕ್ತಿಯಿದೆ? ಅದು ಎಲ್ಲಿಂದ ಬಂತು? ನನ್ನ ಮೊಣಕಾಲಿಗೆ ಹೇಗೆ ಹೋಗುತ್ತದೆ?” ಎಂದು ಕೇಳಿರಿ.

ಮಗುವಿನ ಪ್ರಶ್ನೆ ಬಾಕಿಯಿದೆ. ಜ್ವಾಲೆಯೆಂದರೆ ಉರಿಯುವ ಬಿಸಿ ಅನಿಲ ಮತ್ತು ಅದರಲ್ಲಿ ಕೆಂಡವಾಗಿ ಹೊಳೆಯುವ ಮಸಿಯ ಕಣಗಳು. ಇವು ದ್ರವ್ಯ, ಇವಕ್ಕೆ ತೂಕವಿದೆ. ಇವುಗಳಿಂದ ಹೊರಟು ಪುಸ್ತಕದ ಮೇಲೆ ಬೀಳುವ ಬೆಳಕು, ಅಂಗೈಗೆ ತಾಗುವ ಬಿಸಿ ಶಕ್ತಿ. ದೀಪದ ಚಿಮಣಿ ಕಪ್ಪಾಗಿದೆಯಲ್ಲ, ಆ ದ್ರವ್ಯವನ್ನು ಮಗುವೇ ಬೆರಳಿನಿಂದ ಒರೆಸಿ ನೋಡಲಿ, ದೀಪ ಆರಿಸಿದ ಮೇಲೆ.