ದೂರದಿಂದ ಗಣಕಯಂತ್ರ ಪ್ರವೇಶ: ನಿಗಾ ಮತ್ತು ಪರಿಶೋಧನೆ

ಪಂಚಾಯಿತಿಯ ಗಣಕಯಂತ್ರ ಕೆಟ್ಟಾಗ ತಂತ್ರಜ್ಞರು ಖುದ್ದಾಗಿ ಬರಬೇಕೆಂದಿಲ್ಲ. ಜಯನಗರದಲ್ಲೋ ಜೆ.ಪಿ. ನಗರದಲ್ಲೋ ಕುಳಿತ ಸೇವಾ ಸಂಸ್ಥೆಯ ಸಿಬ್ಬಂದಿ ಎನಿಡೆಸ್ಕ್‌ನಂತಹ ತಂತ್ರಾಂಶದ ಮೂಲಕ ಅದನ್ನು ದೂರದಿಂದಲೇ ತೆರೆದು ಸರಿಪಡಿಸಬಲ್ಲರು. ಅವರು ಅಡ್ಮಿನ್ ಖಾತೆಯ ಮೂಲಕ ಒಳಬಂದರೆ ಕಡತಗಳನ್ನು ನೋಡುವ, ಬದಲಿಸುವ, ಅಳಿಸುವ ಅಧಿಕಾರವೆಲ್ಲ ಅವರಿಗೆ ದೊರೆಯುತ್ತದೆ. ಇದನ್ನೇ ವಿಶೇಷಾಧಿಕಾರದ ಪ್ರವೇಶ ಎನ್ನುತ್ತಾರೆ.

ಇಂತಹ ಪ್ರವೇಶ ತಪ್ಪಲ್ಲ. ಯಾರೂ ಗಮನಿಸದ, ದಾಖಲೆಯಿಲ್ಲದ ಪ್ರವೇಶವೇ ಅಪಾಯ. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳ ಜಾಲಕ್ಕೆ ಕಳ್ಳರು ನುಗ್ಗಿದ್ದು ಹವಾನಿಯಂತ್ರಣ ಗುತ್ತಿಗೆದಾರ ಸಂಸ್ಥೆಯೊಂದರ ಲಾಗಿನ್ ಕದ್ದು. ಸುಮಾರು 4 ಕೋಟಿ ಕಾರ್ಡುಗಳ ವಿವರ ಸೋರಿಹೋಯಿತು. ಸರ್ಕಾರಿ ವ್ಯವಸ್ಥೆಗೂ ಕನ್ನದ ಭಯ ತಪ್ಪಿದ್ದಲ್ಲ. 2019ರಲ್ಲಿ ನಮ್ಮ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ಕನ್ನ ಹಾಕಿ, ಟೆಂಡರುದಾರರ ಇ.ಎಂ.ಡಿ. ಠೇವಣಿಯಿಂದ ಕೋಟ್ಯಂತರ ರೂಪಾಯಿ ದೋಚಿದ ಪ್ರಕರಣ ಸಿಐಡಿ ತನಿಖೆಗೆ ಒಳಪಟ್ಟಿತು.

ಸುವ್ಯವಸ್ಥಿತ ಕಂಪನಿಗಳು ಇದಕ್ಕೆ ಅನುಸರಿಸುವ ಕ್ರಮ ಸರಳ. ಪ್ರತಿಯೊಬ್ಬ ತಂತ್ರಜ್ಞನಿಗೂ ಪ್ರತ್ಯೇಕ ಖಾತೆ. ಕೆಲಸದ ಅವಧಿಗೆ ಮಾತ್ರ ಅನುಮತಿ. ಗುಪ್ತಪದದ ಜೊತೆಗೆ ಒಟಿಪಿ. ಪರದೆಯ ಮೇಲೆ ನಡೆದುದೆಲ್ಲದರ ಮುದ್ರಣ. ಈ ದಾಖಲೆಯನ್ನು ತಂತ್ರಜ್ಞನ ಕೈಗೆ ಸಿಗದ ಬೇರೆ ಸ್ಥಳದಲ್ಲಿ ಇಡಲಾಗುತ್ತದೆ. ಅಳಿಸುವ ಅಧಿಕಾರ ಅವನಿಗಿದ್ದರೆ ದಾಖಲೆಗೆ ಅರ್ಥವಿಲ್ಲ.

ಕೇಂದ್ರದ ಸರ್ಟ್-ಇನ್ ಸಂಸ್ಥೆಯು 28-04-2022ರಂದು ಹೊರಡಿಸಿದ ನಿರ್ದೇಶನದಂತೆ ಕಂಪನಿಗಳೂ ಸರ್ಕಾರಿ ಸಂಸ್ಥೆಗಳೂ ತಮ್ಮ ವ್ಯವಸ್ಥೆಗಳ ಲಾಗ್ ದಾಖಲೆಗಳನ್ನು 180 ದಿನ ಕಾಯ್ದಿರಿಸತಕ್ಕದ್ದು. ನಿರ್ದೇಶನದಲ್ಲಿ ಪಟ್ಟಿ ಮಾಡಿದ ಸೈಬರ್ ಘಟನೆಗಳು ತಿಳಿದುಬಂದ 6 ಗಂಟೆಗಳೊಳಗೆ ವರದಿ ಮಾಡತಕ್ಕದ್ದು.

ಪಂಚಾಯಿತಿ ಮಟ್ಟದಲ್ಲಿ ಪಾಲಿಸಬಹುದಾದ ಕ್ರಮಗಳು:

1. ದೂರದ ಸಂಪರ್ಕ ಆರಂಭವಾಗುವ ಮುನ್ನ ಡಿಜಿಟಲ್ ಸಹಿಯ ಡೋಂಗಲ್ ತೆಗೆದಿಡುವುದು. ಡೋಂಗಲ್ ಯಂತ್ರದಲ್ಲೇ ಇದ್ದು ಅದರ ಪಿನ್ ಸಹ ತಿಳಿದಿದ್ದರೆ, ದೂರದಲ್ಲಿರುವವರು ಇ-ಸ್ವತ್ತು ದಾಖಲೆಗೂ ಹಣ ಪಾವತಿಗೂ ಸಹಿ ಹಾಕಬಲ್ಲರು.

2. ಸಂಪರ್ಕ ಮುಗಿಯುವವರೆಗೆ ಸಿಬ್ಬಂದಿಯೊಬ್ಬರು ಪರದೆಯ ಮುಂದೆಯೇ ಇರುವುದು. ಶಾಶ್ವತ ಗುಪ್ತಪದ ಕೊಡದಿರುವುದು.

3. ವಹಿಯೊಂದರಲ್ಲಿ ದಿನಾಂಕ, ತಂತ್ರಜ್ಞರ ಹೆಸರು, ಕಾರಣ, ಆರಂಭ ಮತ್ತು ಮುಕ್ತಾಯದ ಸಮಯ, ಮಾಡಿದ ಬದಲಾವಣೆ ಬರೆಯುವುದು.

4. ವಹಿಯನ್ನು ತಂತ್ರಾಂಶದ ಲಾಗ್‌ನೊಂದಿಗೆ ತಾಳೆ ನೋಡುವುದು. ಲಾಗ್‌ನಲ್ಲಿದ್ದು ವಹಿಯಲ್ಲಿಲ್ಲದ ಸಂಪರ್ಕ ಕಂಡುಬಂದರೆ, ಆ ಅವಧಿಯ ಇ-ಸ್ವತ್ತು ನಮೂದು ಹಾಗೂ ಪಾವತಿಗಳನ್ನು ಪರಿಶೀಲಿಸುವುದು. ಹಣ ಹೋಗಿದ್ದರೆ ಕೂಡಲೇ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸುವುದು.

ತಂತ್ರಜ್ಞಾನ ತಿಳಿಯದೆಂದು ಸದಸ್ಯರು ಹಿಂಜರಿಯಬೇಕಾಗಿಲ್ಲ. ನಗದು ಪುಸ್ತಕವನ್ನು ಕೇಳಿ ನೋಡುವ ಸದಸ್ಯರು ಈ ವಹಿಯನ್ನೂ ಸಾಮಾನ್ಯ ಸಭೆಯಲ್ಲಿ ಕೇಳಿ ನೋಡಬಹುದು. ಗ್ರಾಮಸ್ಥರ ಆಸ್ತಿಯ ದಾಖಲೆಗೆ ಯಾರು ಕೈಹಾಕಿದರೆಂಬುದಕ್ಕೆ ಉತ್ತರ ಪಂಚಾಯಿತಿಯ ಬಳಿಯೇ ಇರಬೇಕು.